ನಮ್ಮ ಕೆಮಿಸ್ಟ್ರಿ ಬ್ಲಾಕ್ ಕೆಡವೋದಾ, ಉಳಿಸೋದಾ? ಹತ್ತು ದಿನದಲ್ಲಿ ಅಭಿಪ್ರಾಯ ಬರೆದುಕೊಡಬೇಕು

ನಾಲ್ಕನೇ ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಯಾವುದು ಅಂತ ಕೇಳಬೇಡಿ, ಇನ್ನೂ ಹದಿನೆಂಟು ವರ್ಷ ಸರ್ವಿಸ್ ಬಾಕಿ ಇದೆ.

ನಮ್ಮ ಕಟ್ಟಡ 1960ರ ದಶಕದ್ದು. ಮೂರು ಅಂತಸ್ತು, ರೆಡ್ ಆಕ್ಸೈಡ್ ನೆಲ, ಎತ್ತರದ ಸೀಲಿಂಗ್, ಉದ್ದನೆಯ ಕಾರಿಡಾರ್. ಕೆಳಗಡೆ ಫಿಸಿಕ್ಸ್‌ನವರು, ಮೇಲೆರಡು ಅಂತಸ್ತು ನಮ್ಮದು. ಹೋದ ಭಾನುವಾರ ಆರ್ಗ್ಯಾನಿಕ್ ಲ್ಯಾಬಿನ ಸೀಲಿಂಗಿನಿಂದ ಒಂದು ಚಕ್ಕೆ ಬಿತ್ತು. ಸಣ್ಣದಲ್ಲ, ಊಟದ ತಟ್ಟೆಯಷ್ಟು ಅಗಲ. ಬಿದ್ದದ್ದು ನಾಲ್ಕನೇ ಬೆಂಚಿನ ಮೇಲೆ. ಸೋಮವಾರ ಬೆಳಿಗ್ಗೆ ಅಲ್ಲಿ ಆರು ಮಕ್ಕಳು ನಿಂತು ಪ್ರಾಕ್ಟಿಕಲ್ಸ್ ಮಾಡಬೇಕಿತ್ತು.

ಒಬ್ಬ ಎಂಜಿನಿಯರ್ ಬಂದು ಕೋಲಿನಿಂದ ತಟ್ಟಿ ನೋಡಿ "ಬರೀ ಪ್ಲಾಸ್ಟರ್ ಮೇಡಂ, ಹಚ್ಚಿದರೆ ಆಯಿತು" ಅಂದರು. ಎರಡು ದಿನ ಬಿಟ್ಟು ಇನ್ನೊಬ್ಬರು ಬಂದು "ಕಂಡಮ್ ಮಾಡಿಬಿಡಿ", ಅಂದರೆ ಬಳಕೆಗೆ ಅಯೋಗ್ಯ ಅಂತ ಬರೆದುಬಿಡಿ ಅಂದರು. ಇಬ್ಬರ ಕೈಯಲ್ಲೂ ಒಂದು ಟೇಪು ಬಿಟ್ಟರೆ ಬೇರೆ ಉಪಕರಣ ಇರಲಿಲ್ಲ. ಈಗ ಬಿಲ್ಡಿಂಗ್ ಕಮಿಟಿಗೆ ವಿಭಾಗದ ಅಭಿಪ್ರಾಯ ಬೇಕಂತೆ. ಹಿರಿಯರೆಲ್ಲ ಮೆಲ್ಲಗೆ ಜಾರಿಕೊಂಡು ನನ್ನ ತಲೆಗೆ ಕಟ್ಟಿದ್ದಾರೆ. ತಿಳಿದವರು ಹೇಳಿ, ಏನು ಬರೆಯಲಿ?

ಹೊಸ ತಾರಸಿ:

ಅರವತ್ತು ವರ್ಷದ ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) ಮುಲಾಮು ಹಚ್ಚುವುದು ದಂಡದ ಕೆಲಸ. ಕೆಡವಿ, ಹೊಸದು ಕಟ್ಟಿ. ಲಿಫ್ಟ್ ಬರುತ್ತದೆ, ಎಸಿ ಬರುತ್ತದೆ, ಅಂಗವಿಕಲ ಮಕ್ಕಳಿಗೆ ರ‍್ಯಾಂಪ್ ಬರುತ್ತದೆ. ಹಳೇದರ ಮೇಲೆ ಮೋಹ ಯಾಕೆ?

ಜೆಎಲ್‌ಬಿ ರಸ್ತೆ:

ನಾನು ಮೈಸೂರು ಮಹಾರಾಣಿ ವಿಜ್ಞಾನ ಕಾಲೇಜಿನಲ್ಲಿ ಓದಿದವಳು. 2022ರ ಅಕ್ಟೋಬರ್ ಮಳೆಯಲ್ಲಿ ನಮ್ಮ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ ಕುಸಿದದ್ದು ಎಲ್ಲರಿಗೂ ನೆನಪಿರಬಹುದು. ಬಿದ್ದದ್ದು ಕೆಮಿಸ್ಟ್ರಿ ಲ್ಯಾಬ್ ಇದ್ದ ಕಡೆಯೇ. ನೂರು ವರ್ಷ ದಾಟಿದ ಕಟ್ಟಡ. ಬಿರುಕು ಕಣ್ಣಿಗೆ ಬಿದ್ದ ಕೂಡಲೇ ಮಕ್ಕಳನ್ನು ಹೊರಗೆ ಕಳುಹಿಸಿದ್ದರು, ಅದಕ್ಕೇ ಜೀವ ಉಳಿದವು. ಟಿವಿಯಲ್ಲಿ ಆ ಇಟ್ಟಿಗೆ ರಾಶಿ ನೋಡಿದಾಗ ನಾನು ಬ್ಯೂರೆಟ್ ಹಿಡಿದು ನಿಂತಿದ್ದ ಜಾಗ ಯಾವುದಿರಬಹುದು ಅಂತ ಹುಡುಕುತ್ತಾ ಕೂತಿದ್ದೆ.

ಆದರೆ "ಕೆಡವಿಬಿಡಿ" ಅನ್ನುವವರಿಗೂ ಒಂದು ಮಾತು. 2025ರ ಜನವರಿಯಲ್ಲಿ ಅದೇ ಕಾಲೇಜಿನ ಹಳೇ ಕಟ್ಟಡ ಕೆಡವುವಾಗ ಒಂದು ಭಾಗ ಮೇಲೆ ಬಿದ್ದು ಒಬ್ಬ ಕಾರ್ಮಿಕ ತೀರಿಕೊಂಡರು. ಮಕ್ಕಳನ್ನು ಉಳಿಸಿಕೊಂಡ ಕಟ್ಟಡ, ಕೆಡವಲು ಬಂದವನನ್ನು ಉಳಿಸಲಿಲ್ಲ. ಕೆಡವುವುದೂ ಒಂದು ಕೆಲಸವೇ, ಅದಕ್ಕೂ ಲೆಕ್ಕಾಚಾರ ಬೇಕು.

ಹೊಸ ತಾರಸಿ:

ಸರಿ ಮೇಡಂ. ಆದರೆ 2012ರಲ್ಲಿ ನಿಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಕುಸಿದು ನಾಲ್ವರು ಸತ್ತರಲ್ಲ? 1892ರ ಕಟ್ಟಡ, ಪಾರಂಪರಿಕ, ಮುಟ್ಟಬೇಡಿ ಅಂತ ಕಾಯುತ್ತಾ ಕೂತದ್ದಕ್ಕೆ ತಾನೇ ಅದು?

ಸಾಧನಕೇರಿ:

ಮುಟ್ಟಬೇಡಿ ಅಂದದ್ದಕ್ಕೆ ಬೀಳಲಿಲ್ಲ ಸರ್, ಮುಟ್ಟದೇ ಇದ್ದದ್ದಕ್ಕೆ ಬಿತ್ತು. ಎರಡಕ್ಕೂ ವ್ಯತ್ಯಾಸ ಇದೆ. ನಮ್ಮ ಧಾರವಾಡದ ಕರ್ನಾಟಕ ಕಾಲೇಜು ಇರುವುದು ಹಿಂದೆ ರೈಲ್ವೆ ಕಂಪನಿಯ ಕಚೇರಿ ಆಗಿದ್ದ ಕಟ್ಟಡದಲ್ಲಿ. ಕಾಲೇಜು ಶುರುವಾದದ್ದೇ 1917ರಲ್ಲಿ, ಕಟ್ಟಡ ಅದಕ್ಕಿಂತ ಹಿಂದಿನದು. ಕಲ್ಲು, ಸುಣ್ಣ, ಸಾಗುವಾನಿ. ಸೋರಿದಲ್ಲಿ ಆಗಾಗ ಕೈಯಾಡಿಸುತ್ತಿದ್ದರೆ ಅಂಥವು ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತವೆ.

ಕಂಬಿ ಜಲ್ಲಿ:

ಹಳೇ ಕಟ್ಟಡಗಳ ರಿಪೇರಿಯೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಮಹಾರಾಣಿ ಕಾಲೇಜು, ಲ್ಯಾನ್ಸ್‌ಡೌನ್, ಧಾರವಾಡ ಇವೆಲ್ಲ ಸುಣ್ಣದ ಗಾರೆಯ ಕಾಲದವು. ಮೇಡಂ ಅವರದು ಸಿಮೆಂಟು ಕಬ್ಬಿಣದ ಕಾಲದ್ದು. ಎರಡರ ಕಾಯಿಲೆಯೇ ಬೇರೆ. ಸುಣ್ಣದ ಗೋಡೆ ಉಸಿರಾಡುತ್ತದೆ, ನೀರು ಕುಡಿದರೂ ಆರಿಸಿಕೊಳ್ಳುತ್ತದೆ. ಅದರ ಮೇಲೆ ಯಾರೋ ಪುಣ್ಯಾತ್ಮರು ಸಿಮೆಂಟ್ ಪ್ಲಾಸ್ಟರ್ ಬಳಿದರೆ ನೀರು ಒಳಗೇ ಉಳಿದು ಗೋಡೆ ಹಿಟ್ಟಾಗುತ್ತದೆ. ಅಲ್ಲಿ ರಿಪೇರಿಯೇ ರೋಗ.

ಆರ್‌ಸಿಸಿಯಲ್ಲಿ ಸಾಯುವುದು ಕಾಂಕ್ರೀಟ್ ಅಲ್ಲ, ಒಳಗಿನ ಕಂಬಿ. ಹೊಸ ಕಾಂಕ್ರೀಟ್ ಬಲವಾದ ಕ್ಷಾರ, ಪಿಎಚ್ 12.5ಕ್ಕಿಂತ ಮೇಲೆ. ಆ ಕ್ಷಾರದಲ್ಲಿ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷವರ್ಷವೂ ಒಂದಿಷ್ಟು ಒಳಗೆ ಇಳಿದು ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಕಂಬಿಯವರೆಗೆ ತಲುಪಿದ ದಿನ ರಕ್ಷಣೆ ಮುಗಿಯಿತು. ಮೇಲೆ ನೀರು ಸೋರಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಒಳಗಿಂದ ಉಬ್ಬಿ ಚಕ್ಕೆ ಏಳಿಸುತ್ತದೆ. ನಿಮ್ಮ ನಾಲ್ಕನೇ ಬೆಂಚಿನ ಮೇಲೆ ಬಿದ್ದದ್ದು ಅದೇ.

ಈಗ ಒಂದು ಪ್ರಶ್ನೆ. ಬಿದ್ದ ಜಾಗದಲ್ಲಿ ಕಂಬಿ ಕಾಣುತ್ತಿದೆಯಾ? ಬಿದ್ದ ಚಕ್ಕೆಯ ಬೆನ್ನಿನ ಮೇಲೆ ಕಂದು ಗೆರೆ ಇದೆಯಾ?

ನಾಲ್ಕನೇ ಬೆಂಚು:

ಕಂಬಿ ಕಾಣುತ್ತಿದೆ. ಚಕ್ಕೆಯ ಹಿಂದೆ ಕಂಬಿಯ ಅಚ್ಚು ಹಾಗೇ ಇದೆ, ಕಂದು ಬಣ್ಣ.

ಕಂಬಿ ಜಲ್ಲಿ:

ಹಾಗಾದರೆ "ಬರೀ ಪ್ಲಾಸ್ಟರ್" ಅಂದವರ ಮಾತು ಬಿಟ್ಟುಬಿಡಿ. "ಕಂಡಮ್" ಅಂದವರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಚಕ್ಕೆ ನೋಡಿ ಇಡೀ ಕಟ್ಟಡದ ಜಾತಕ ಬರೆಯಲು ಆಗುವುದಿಲ್ಲ.

ಮೊದಲು ಆ ಲ್ಯಾಬಿಗೆ ಬೀಗ ಹಾಕಿ. ಅಲ್ಲಿ ಸೀಲಿಂಗಿಗೆ ಕೆಳಗಿನಿಂದ ಜಾಕಿ ಕೊಟ್ಟು ನಿಲ್ಲಿಸಲು ಇವತ್ತೇ ಬರೆದುಕೊಡಿ.

ಆಮೇಲೆ ಪರೀಕ್ಷೆ. ಇದರಲ್ಲೊಂದು ತಮಾಷೆ ಇದೆ ಮೇಡಂ. ಕಾಂಕ್ರೀಟಿನ ಕ್ಷಾರ ಎಷ್ಟು ಆಳದವರೆಗೆ ನಾಶವಾಗಿದೆ ಅಂತ ನೋಡಲು ನಾವು ಬಳಸುವುದು ಫಿನಾಲ್ಫ್ಥಲೀನ್. ಕಾಂಕ್ರೀಟನ್ನು ಹೊಸದಾಗಿ ಒಡೆದು, ಧೂಳು ಊದಿ, ಅದರ ಮೇಲೆ ಸಿಂಪಡಿಸುತ್ತೇವೆ. ಗುಲಾಬಿ ಬಂದರೆ ಕ್ಷಾರ ಉಳಿದಿದೆ. ಬಣ್ಣ ಬರದಿದ್ದರೆ ಹೋಗಿದೆ. ಮೇಲ್ಮೈಯಿಂದ ಎಷ್ಟು ಮಿಲಿಮೀಟರ್ ಬಣ್ಣವಿಲ್ಲ, ಕಂಬಿ ಎಷ್ಟು ಆಳದಲ್ಲಿದೆ, ಎರಡನ್ನೂ ಅಳೆದರೆ ಅರ್ಧ ಕಥೆ ಗೊತ್ತಾಗುತ್ತದೆ. ನಿಮ್ಮ ಸ್ಟೋರಿನಲ್ಲಿ ಬಾಟಲಿಗಟ್ಟಲೆ ಇರುವ ವಸ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ!

ಇನ್ನೊಂದು ಸಿಲ್ವರ್ ನೈಟ್ರೇಟ್. ಲ್ಯಾಬ್ ಕಟ್ಟಡದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ವರ್ಷಗಟ್ಟಲೆ ಸೀಲಿಂಗಿಗೆ ಹೊಡೆದಿರುತ್ತದೆ. ಕ್ಲೋರೈಡ್ ಒಳಗೆ ಸೇರಿದ್ದರೆ ಅದು ಕಾರ್ಬನ್ ಡೈಆಕ್ಸೈಡಿಗಿಂತ ಕೆಟ್ಟದ್ದು, ಕ್ಷಾರ ಇದ್ದರೂ ಕಂಬಿ ತಿನ್ನುತ್ತದೆ. ಬಿಳಿ ಕಂಡರೆ ಕ್ಲೋರೈಡ್ ಇದೆ, ಕಂದು ತಿರುಗಿದರೆ ಇಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ, ಫಸ್ಟ್ ಇಯರ್ ಮಕ್ಕಳೇ ಮಾಡುತ್ತಾರೆ.

ಇವೆರಡು ಅಂದಾಜಿಗೆ ಮಾತ್ರ. ಒಡೆಯುವ ಕೆಲಸ ಎಂಜಿನಿಯರ್ ಎದುರಿಗೇ ಆಗಲಿ, ಸಿಕ್ಕಸಿಕ್ಕಲ್ಲಿ ಕೊರೆಯಬೇಡಿ. ಕೋರ್ ತೆಗೆದು ಬಲ ನೋಡುವುದು, ರಿಬೌಂಡ್ ಹ್ಯಾಮರಿನಿಂದ ಮೇಲ್ಮೈ ಗಟ್ಟಿತನ, ಅಲ್ಟ್ರಾಸೌಂಡಿನಿಂದ ಒಳಗಿನ ಬಿರುಕು, ಹಾಫ್ ಸೆಲ್‌ನಿಂದ ಕಂಬಿಯ ತುಕ್ಕು ನೋಡುವುದು, ಇವೆಲ್ಲ ಲೈಸೆನ್ಸ್ ಇರುವವರ ಕೈಯಲ್ಲೇ ಆಗಬೇಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗವನ್ನೇ ಕೇಳಿ, ಎಷ್ಟೋ ಕಡೆ ಶುಲ್ಕ ತೆಗೆದುಕೊಂಡು ಮಾಡಿಕೊಡುತ್ತಾರೆ.

ಪಿಪೆಟ್ ಹಿಡಿದವ:

ಕೆಮಿಸ್ಟ್ರಿ ಬ್ಲಾಕಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್! ಮಕ್ಕಳ ಕೈಯಲ್ಲೇ ಮಾಡಿಸಿ ಮೇಡಂ, ರೆಕಾರ್ಡಿಗೆ ಸೈನ್ ಹಾಕಿ.

ಕಡತದ ಧೂಳು:

ನಾನು ವಿಶ್ವವಿದ್ಯಾಲಯವೊಂದರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತ ಎತ್ತಿ ಇಳಿಸಿದವನು. ದುಡ್ಡಿನ ಕಥೆ ನಾನು ಹೇಳುತ್ತೇನೆ.

ಹೊಸ ಕಟ್ಟಡಕ್ಕೆ ದುಡ್ಡು ಹುಟ್ಟಿಸುವುದು ಸುಲಭ, ಹಳೇ ಕಟ್ಟಡ ನೋಡಿಕೊಳ್ಳಲು ಕಷ್ಟ. ಹೊಸದಕ್ಕೆ ಶಂಕುಸ್ಥಾಪನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಚರಂಡಿ ಪೈಪ್ ಬದಲಾಯಿಸಿದ್ದಕ್ಕೆ ಯಾರ ಹೆಸರಿನ ಕಲ್ಲು ಹಾಕುತ್ತಾರೆ? ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಫಿಸ್ಟ್ ಅನುದಾನದ ದುಡ್ಡು ಬಂದರೆ ಉಪಕರಣ ಬರುತ್ತದೆ, ಅದರ ತಲೆ ಮೇಲಿನ ತಾರಸಿ ಹಾಗೇ ಸೋರುತ್ತದೆ. ನಮ್ಮಲ್ಲಿ ಒಂದು ದುಬಾರಿ ಸ್ಪೆಕ್ಟ್ರೋಮೀಟರ್ ಮೂರು ಮಳೆಗಾಲ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಕೂತಿತ್ತು.

ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದ ಕೂಡಲೇ ಬಣ್ಣ. ಗೋಡೆಗೆ ಬಣ್ಣ, ಪೈಪಿಗೆ ಬಣ್ಣ, ಒಮ್ಮೆ ನೋಟಿಸ್ ಬೋರ್ಡನ್ನು ನೋಟಿಸ್ ಸಮೇತ ಬಣ್ಣ ಹೊಡೆದಿದ್ದರು. ಸೋರಿಕೆಯ ಕಲೆಯ ಮೇಲೆ ಬಣ್ಣ ಬಳಿದರೆ ಕಲೆ ಹೋಗುತ್ತದೆ, ಸೋರಿಕೆ ಹೋಗುವುದಿಲ್ಲ. ಕಲೆಯಾದರೂ ಇದ್ದರೆ ನೀರು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು.

ಅಭಿಪ್ರಾಯ ಬರೆಯುವಾಗ ಒಂದು ಉಪಾಯ. "ರಿಪೇರಿ" ಅಂತ ಬರೆಯಬೇಡಿ. ರಿಪೇರಿ ಅಂದರೆ ವಾರ್ಷಿಕ ನಿರ್ವಹಣೆಯ ಚಿಲ್ಲರೆ ದುಡ್ಡಿಗೆ ಹೋಗಿ ಬೀಳುತ್ತದೆ. "ರಚನಾ ಬಲವರ್ಧನೆ ಮತ್ತು ಪ್ರಯೋಗಾಲಯ ಸೇವೆಗಳ ನವೀಕರಣ" ಅಂತ ಬರೆಯಿರಿ. ತೂಕ ಬರುತ್ತದೆ, ಬೇರೆ ತಲೆಬರಹಕ್ಕೆ ಹೋಗುತ್ತದೆ. ಜೊತೆಗೆ ಪರೀಕ್ಷಾ ವರದಿ ಬಂದ ಮೇಲೆಯೇ ಎಸ್ಟಿಮೇಟ್ ಅಂತ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಎಸ್‌ಆರ್ (ಸರ್ಕಾರಿ ದರಪಟ್ಟಿ) ಪುಸ್ತಕ ತೆಗೆದು ಚದರ ಮೀಟರಿಗೆ ಇಷ್ಟು ಪ್ಲಾಸ್ಟರ್ ಅಂತ ಲೆಕ್ಕ ಹಾಕಿ ಟೆಂಡರ್ ಕರೆದುಬಿಡುತ್ತಾರೆ. ಮಾರ್ಚ್ ಬಂದರೆ ಇನ್ನೂ ಬೇಗ.

ಹೊಸ ತಾರಸಿ:

ದುಡ್ಡು ಹೊಸದಕ್ಕೇ ಸುಲಭ ಅಂತ ನೀವೇ ಹೇಳಿದಿರಿ. ಮತ್ತೆ ಹೊಸದೇ ಕೇಳಿದರೆ ಏನು ತಪ್ಪು?

ಕಡತದ ಧೂಳು:

ಕೇಳಿ ಸ್ವಾಮಿ, ತಪ್ಪಿಲ್ಲ. ಹೊಸದು ಮುಗಿಯುವವರೆಗೆ ಎಂಎಸ್ಸಿ ಮಕ್ಕಳು ಪ್ರಾಕ್ಟಿಕಲ್ಸ್ ಎಲ್ಲಿ ಮಾಡಬೇಕು? ಎರಡು ವರ್ಷ ಅಂದದ್ದು ಐದಾಗುತ್ತದೆ, ಅಷ್ಟರಲ್ಲಿ ಎರಡು ಬ್ಯಾಚ್ ಯೂಟ್ಯೂಬಿನಲ್ಲೇ ಟೈಟ್ರೇಷನ್ ನೋಡಿ ಪಾಸಾಗಿರುತ್ತದೆ.

ಮ್ಯಾಂಚೆಸ್ಟರ್ ಮಳೆ:

ಇಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ, ಊರು ತಿಪಟೂರು. ಒಂದು ವಿಷಯ ಯಾರೂ ಎತ್ತಿಲ್ಲ. ಹಳೇ ವಿಜ್ಞಾನ ಕಟ್ಟಡದ ಗೋಡೆಗಿಂತ ಅದರ ಸಂದಿಗೊಂದಿ ಜಾಸ್ತಿ ಅಪಾಯ. ಇಲ್ಲಿ ಪರಮಾಣು ವಿಜ್ಞಾನಿ ರುದರ್‌ಫರ್ಡ್ ಕೆಲಸ ಮಾಡಿದ ಹಳೇ ಕಟ್ಟಡದ ಕೋಣೆಗಳನ್ನು ಆಮೇಲೆ ಬೇರೆ ವಿಭಾಗಕ್ಕೆ ಕೊಟ್ಟಿದ್ದರು. ಅಲ್ಲಿ ಕೂರುತ್ತಿದ್ದ ಕೆಲವರು ಕ್ಯಾನ್ಸರಿನಿಂದ ತೀರಿಕೊಂಡಾಗ, ಹಳೇ ರೇಡಿಯಂ, ಪಾದರಸದ ಉಳಿಕೆಯೇ ಕಾರಣವೇ ಅಂತ ದೊಡ್ಡ ಗಲಾಟೆ ಎದ್ದಿತು. 2009ರ ಸ್ವತಂತ್ರ ವರದಿ, ಆ ಸಾವುಗಳಿಗೆ ಅದು ಕಾರಣ ಆಗಿರುವ ಸಾಧ್ಯತೆ ಕಡಿಮೆ ಅಂತ ಹೇಳಿತು. ಆದರೂ ನೂರು ವರ್ಷದ ಹಿಂದಿನ ಪ್ರಯೋಗದ ಕೊಳೆ ಹುಡುಕಿಕೊಂಡು ನೆಲ ಪರೀಕ್ಷೆ ಮಾಡಬೇಕಾಯಿತಲ್ಲ.

ನಿಮ್ಮ ಕೆಳಗಿನ ಅಂತಸ್ತು ಫಿಸಿಕ್ಸ್ ಅಂದಿರಿ. ಫೋರ್ಟಿನ್ ಬಾರೋಮೀಟರ್, ಒಡೆದ ಥರ್ಮಾಮೀಟರ್, ಅರವತ್ತು ವರ್ಷದ ಪಾದರಸ ಎಲ್ಲಿ ಹೋಗಿರುತ್ತದೆ? ನೆಲದ ಬಿರುಕಿಗೆ, ಸಿಂಕಿನ ಕೆಳಗಿನ ಬಾಗಿದ ಪೈಪಿಗೆ. ಪ್ಲಂಬರ್ ಬಂದು ಬರಿಗೈಯಲ್ಲಿ ಬಿಚ್ಚುತ್ತಾನೆ. ಅವನಿಗೆ ಮೊದಲೇ ಹೇಳಿ.

ಜೆಎಲ್‌ಬಿ ರಸ್ತೆ:

ಅನಿಲ ತಯಾರಿಸುವ ಕಿಪ್ ಉಪಕರಣದ ಕೊಳೆತ ಮೊಟ್ಟೆ ವಾಸನೆ, ಆಸ್ಬೆಸ್ಟಾಸ್ ಹಚ್ಚಿದ ವೈರ್ ಗಾಜ್... ಅದನ್ನು ನಾವು ಬರಿಗೈಯಲ್ಲಿ ಕೆರೆದು ಚೊಕ್ಕ ಮಾಡುತ್ತಿದ್ದೆವು. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಕಂಬಿ ಜಲ್ಲಿ:

ಇದಕ್ಕೆ ಸೇರಿಸಿ: ಗುಜರಿಗೆ ಹಾಕುವ ಮುಂಚೆ ಪಟ್ಟಿ ಮಾಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಏನಾಯಿತು? ದೆಹಲಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಗಾಮಾ ಸೆಲ್ ಅನ್ನುವ ವಿಕಿರಣ ಯಂತ್ರ ಹರಾಜಿಗೆ ಹೋಯಿತು. ಒಳಗಿದ್ದದ್ದು ವಿಕಿರಣ ಸೂಸುವ ಕೋಬಾಲ್ಟ್-60. ಗುಜರಿಯವರು ಸೀಸದ ಆಸೆಗೆ ಬಿಚ್ಚಿದರು. ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. "ಹಳೇ ಸಾಮಾನು, ಎತ್ತಿಹಾಕಿ" ಅನ್ನುವ ಒಂದು ಸಹಿಯಿಂದ ಆದದ್ದು.

ಪಿಪೆಟ್ ಹಿಡಿದವ:

ತಮಾಷೆ ಬಿಟ್ಟು ಹೇಳುತ್ತೇನೆ, ಪಿಕ್ರಿಕ್ ಆಮ್ಲದ ಹಳೇ ಬಾಟಲಿ ಇದ್ದೇ ಇರುತ್ತದೆ. ಒಣಗಿದ್ದರೆ ಅದು ಸ್ಫೋಟಕ. ಮುಚ್ಚಳ ತಿರುಗಿಸುವ ಸಾಹಸ ಬೇಡ, ಅಲುಗಾಡಿಸುವುದೂ ಬೇಡ, ತಿಳಿದವರನ್ನು ಕರೆಸಿ. ಈಥರಿನ ಹಳೇ ಕ್ಯಾನುಗಳೂ ಹಾಗೇ.

ಕೆ.ಆರ್. ಸರ್ಕಲ್:

ನಾನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹಳೇ ವಿದ್ಯಾರ್ಥಿ. ಕಲ್ಕತ್ತೆಯಲ್ಲಿ ಫೆಬ್ರವರಿ 28ರಂದು ಕಂಡುಕೊಂಡ ಹೊಸ ಬೆಳಕಿನ (ರಾಮನ್ ಪರಿಣಾಮದ) ಬಗ್ಗೆ ಸಿ.ವಿ. ರಾಮನ್ ಉಪನ್ಯಾಸ ಕೊಟ್ಟದ್ದು 1928ರ ಮಾರ್ಚ್ 16ರಂದು, ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ. ಅಂಥ ಜಾಗಗಳನ್ನು ಕೆಡವಿ ಗಾಜಿನ ಡಬ್ಬ ಕಟ್ಟಲು ಮನಸ್ಸಾದರೂ ಹೇಗೆ ಬರುತ್ತದೆ?

ಹೊಸ ತಾರಸಿ:

ಮೇಡಂ ಬ್ಲಾಕಿನಲ್ಲಿ ರಾಮನ್ ಉಪನ್ಯಾಸ ಕೊಟ್ಟಿಲ್ಲವಲ್ಲ ಸರ್.

ನಾಲ್ಕನೇ ಬೆಂಚು:

ಇಲ್ಲ, ಕೊಟ್ಟಿಲ್ಲ 🙂 ನಮ್ಮ ಕಟ್ಟಡಕ್ಕೆ ಅಂಥ ಯಾವ ಹೆಗ್ಗಳಿಕೆಯೂ ಇಲ್ಲ. ಸಾವಿರಾರು ಮಕ್ಕಳು ಓದಿ ಹೋಗಿದ್ದಾರೆ, ಅಷ್ಟೇ. ನನಗೆ ಬೇಕಾದದ್ದು ಮಕ್ಕಳ ತಲೆ ಮೇಲೆ ಏನೂ ಬೀಳದ, ಹೊಗೆ ಮೂಗಿಗೆ ಬಡಿಯದ ಒಂದು ಲ್ಯಾಬ್. ಹೊಗೆ ಅಂದ ಮೇಲೆ ಕೇಳುತ್ತೇನೆ, ಉಳಿಸಿಕೊಂಡರೂ ಹೊಸ ಫ್ಯೂಮ್ ಹುಡ್ (ಹೊಗೆ ಹೀರಿ ಹೊರಗೆ ಹಾಕುವ ಗೂಡು) ಹಾಕಲು ಹಳೇ ಕಟ್ಟಡದಲ್ಲಿ ಆಗುತ್ತದಾ?

ಕಂಬಿ ಜಲ್ಲಿ:

ಅದೇ ನಿಜವಾದ ಪ್ರಶ್ನೆ. ಎತ್ತರದ ಸೀಲಿಂಗ್ ಅಂದಿರಲ್ಲ, ಅದು ನಿಮ್ಮ ಆಸ್ತಿ. ಈಗ ಕಟ್ಟುವ ತಗ್ಗು ಕೋಣೆಗಳಲ್ಲಿ ಡಕ್ಟ್ (ಹೊಗೆ ಸಾಗಿಸುವ ಕೊಳವೆ) ಎಳೆಯಲು ಜಾಗವೇ ಸಿಗುವುದಿಲ್ಲ.

ಸುಮ್ನೆ ಒಂದು ಲೆಕ್ಕ ನೋಡಿ. ಹುಡ್ಡಿನ ಬಾಯಿ 1.2 ಮೀಟರ್ ಅಗಲ, ಅರ್ಧ ಮೀಟರ್ ತೆರೆದಿದೆ ಅಂದುಕೊಳ್ಳಿ. ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಗಂಟೆಗೆ 1,080 ಘನ ಮೀಟರ್ ಆಯಿತು. ಅಂಥ ನಾಲ್ಕು ಹಾಕಿದರೆ 4,320. ನಿಮ್ಮ ಲ್ಯಾಬ್ 10 ಮೀಟರ್ ಉದ್ದ, 8 ಅಗಲ, 4 ಎತ್ತರ ಇದ್ದರೆ ಒಳಗಿರುವ ಗಾಳಿಯೇ 320 ಘನ ಮೀಟರ್. ಅಂದರೆ ಗಂಟೆಗೆ ಹದಿಮೂರು ಸಲಕ್ಕಿಂತ ಜಾಸ್ತಿ ಕೋಣೆಯ ಗಾಳಿ ಪೂರ್ತಿ ಹೊರಗೆ ಹೋಗುತ್ತದೆ. ಅಷ್ಟು ಗಾಳಿ ಒಳಗೆ ಬರಲು ದಾರಿ ಬೇಡವಾ? ಅದನ್ನು ಯಾರೂ ಯೋಚಿಸುವುದಿಲ್ಲ. ಕಿಟಕಿ ಮುಚ್ಚಿ ಎಸಿ ಹಾಕುತ್ತಾರೆ, ಬಾಗಿಲು ತೆಗೆಯಲು ಇಬ್ಬರು ಬೇಕಾಗುತ್ತದೆ, ಹುಡ್ ಎಳೆಯುವುದಿಲ್ಲ.

ಇನ್ನು ಹುಡ್ಡಿನ ಮುಂದೆಯೇ ಸೀಲಿಂಗ್ ಫ್ಯಾನ್ ತಿರುಗಿಸಿದರೆ ಒಳಗಿನ ಹೊಗೆಯನ್ನು ಅದೇ ಹೊರಗೆ ಎಳೆದು ಮಕ್ಕಳ ಮುಖಕ್ಕೆ ಹಾಕುತ್ತದೆ. ಹೊಸ ಕಟ್ಟಡಗಳಲ್ಲೂ ಈ ಫ್ಯಾನ್ ನೋಡಿದ್ದೇನೆ, ಹೊಸ ತಾರಸಿ ಸಾಹೇಬರೇ.

ಹೊಸ ತಾರಸಿ:

ಅದು ಒಪ್ಪಿದೆ. ಹೊಸದು ಅಂದರೆ ಬುದ್ಧಿಯೂ ಹೊಸದಾಗಿರಬೇಕು.

ಅಟೆಂಡರ್ ಮಗ:

ತಡವಾಗಿ ಬರೆಯುತ್ತಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಪ್ರೊಫೆಸರೂ ಅಲ್ಲ. ನಮ್ಮಪ್ಪ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೇಳು ವರ್ಷ ಅಟೆಂಡರ್ ಆಗಿದ್ದರು. ಅವರು ರಿಟೈರ್ ಆದ ಆರು ತಿಂಗಳಿಗೆ ಅಲ್ಲಿ ನವೀಕರಣ ಶುರುವಾಯಿತು. ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ಕೆಲಸದವರು ನೆಲ ಅಗೆದರು, ಗ್ಯಾಸ್ ಲೈನ್ ತುಂಡಾಯಿತು. ಗಾಬರಿಯಿಂದ ಪ್ಲಾಂಟಿನ ವಾಲ್ವ್ ಹುಡುಕಿದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಮನೆಗೆ ಫೋನ್ ಬಂತು. ಅಪ್ಪ ಊಟಕ್ಕೆ ಕೂತಿದ್ದವರು ಫೋನಿನಲ್ಲೇ ಹೇಳಿದರು: "ಬ್ಯಾಲೆನ್ಸ್ ರೂಮಿನ ಹಿಂದೆ, ಮುರಿದ ಬೀರುವಿನ ಕೆಳಗೆ, ಎಡಕ್ಕೆ ತಿರುಗಿಸಬೇಡ, ಅದು ಉಲ್ಟಾ." ಮತ್ತೆ ಅನ್ನ ಕಲಸಿಕೊಂಡರು.

ಯಾವ ಸಿಂಕಿನ ನೀರು ಎಲ್ಲಿ ಹೋಗುತ್ತದೆ, ಯಾವ ಪೈಪ್ ಮಣ್ಣಿನದು, ಯಾವುದನ್ನು ಆಮ್ಲ ತಿಂದು 1988ರಲ್ಲಿ ಬದಲಾಯಿಸಿದ್ದು, ಯಾವ ಗೋಡೆ ಯಾವ ತಿಂಗಳು ಒದ್ದೆ, ಎಲ್ಲ ಅವರ ತಲೆಯಲ್ಲಿತ್ತು. ಬರೆದಿಟ್ಟುಕೊಳ್ಳಲು ಯಾರೂ ಕೇಳಲಿಲ್ಲ. ಮೇಡಂ, ನಿಮ್ಮಲ್ಲಿ ಹಳಬರು ಯಾರಾದರೂ ಇದ್ದಾರಾ? ಇದ್ದರೆ ಕಮಿಟಿಗಿಂತ ಮೊದಲು ಅವರ ಮನೆಗೆ ಹೋಗಿ.

ನಾಲ್ಕನೇ ಬೆಂಚು:

ಇದು ನನಗೆ ಹೊಳೆದೇ ಇರಲಿಲ್ಲ. ಒಬ್ಬರಿದ್ದಾರೆ. ಎಂಟು ವರ್ಷದ ಹಿಂದೆ ರಿಟೈರ್ ಆದರು, ಪಕ್ಕದ ಹಳ್ಳಿ. ಶನಿವಾರ ಹೋಗಿ ಬರುತ್ತೇನೆ.

ನಾಲ್ಕನೇ ಬೆಂಚು:

ಒಂಬತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಲ್ಯಾಬಿಗೆ ಬೀಗ ಬಿತ್ತು, ಜಾಕಿ ಕೊಟ್ಟರು. ಸಿವಿಲ್ ವಿಭಾಗದ ಒಬ್ಬರು ಬಂದು ಹನ್ನೊಂದು ಕಡೆ ಒಡೆದು ನೋಡಿದರು, ಫಿನಾಲ್ಫ್ಥಲೀನ್ ನಮ್ಮದೇ. ಎಂಎಸ್ಸಿ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ದೂರ ನಿಂತು ನೋಡಿದರು. ಒಳಗಿನ ತೊಲೆ, ಕಂಬಗಳಲ್ಲಿ ಮೇಲಿನ ಪದರ ಬಿಟ್ಟರೆ ಚೆನ್ನಾಗಿ ಗುಲಾಬಿ ಬಂತು, ಕಂಬಿಗಿಂತ ಹೊರಗೇ. ಒಬ್ಬ ಹುಡುಗಿ ಚಪ್ಪಾಳೆ ತಟ್ಟಿದಳು. ಆದರೆ ಆಸಿಡ್ ಸ್ಟೋರಿನ ಮೇಲಿನ ತಾರಸಿ, ಶೌಚಾಲಯದ ಪಕ್ಕದ ತಾರಸಿ, ಪಶ್ಚಿಮದ ಸಜ್ಜಾಗಳು, ನಾಲ್ಕನೇ ಬೆಂಚಿನ ಮೇಲ್ಭಾಗ, ಇಲ್ಲೆಲ್ಲ ಬಣ್ಣವೇ ಬರಲಿಲ್ಲ. ಆಸಿಡ್ ಸ್ಟೋರಿನಲ್ಲಿ ಸಿಲ್ವರ್ ನೈಟ್ರೇಟ್ ಹಾಲಿನಂತೆ ಬಿಳಿ.

ಕೋರ್ ಪರೀಕ್ಷೆ ಇನ್ನೂ ಬಾಕಿ. ನಾನು ಬರೆದದ್ದು ಇಷ್ಟು: ಇಡೀ ಕಟ್ಟಡ ಕೆಡವಲು ಈಗ ಕಾರಣ ಕಾಣುತ್ತಿಲ್ಲ. ಆ ಭಾಗಗಳನ್ನು ತೆಗೆದು ಹೊಸದಾಗಿ ಹಾಕಬೇಕು. ಅದಕ್ಕಿಂತ ಮೊದಲು ತಾರಸಿಯ ನೀರು, ಚರಂಡಿ ಪೈಪ್, ಅರ್ಥಿಂಗ್. ಆಸಿಡ್ ಸ್ಟೋರ್ ಹೊರಗೆ ಹೋಗಬೇಕು. ಹುಡ್‌ಗಳು ಮೇಲಿನ ಅಂತಸ್ತಿಗೆ, ಡಕ್ಟ್ ನೇರ ಮೇಲಕ್ಕೆ. ಕೆಲಸ ಒಂದೊಂದೇ ಭಾಗದಲ್ಲಿ, ಬೇಸಿಗೆ ರಜೆಯಿಂದ ಶುರು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಲಿಫ್ಟ್ ಮತ್ತು ರ‍್ಯಾಂಪ್ ಕೂಡ ಸೇರಿಸಿದೆ, ಹೊಸ ತಾರಸಿಯವರೇ, ಅದು ನಿಮ್ಮ ಮಾತು.

ಸ್ಟೋರಿನ ಹಿಂದಿನ ಕಪಾಟಿನಲ್ಲಿ ಪಿಕ್ರಿಕ್ ಆಮ್ಲ ನಿಜವಾಗಿಯೂ ಸಿಕ್ಕಿತು, ಎರಡು ಬಾಟಲಿ. ಮುಟ್ಟದೆ ಬಾಗಿಲು ಹಾಕಿ ತಿಳಿದವರಿಗೆ ಬರೆದಿದ್ದೇವೆ.

ಅಟೆಂಡರ್ ಮಗ:

ಆ ಹಿರಿಯರು ಏನು ಹೇಳಿದರು ಮೇಡಂ?

ನಾಲ್ಕನೇ ಬೆಂಚು:

ಕಾಫಿ ಕೊಟ್ಟರು. ಮೊಮ್ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಇಡೀ ಎರಡನೇ ಅಂತಸ್ತಿನ ಪೈಪ್ ಬರೆದುಕೊಟ್ಟರು. ನಾಲ್ಕನೇ ಬೆಂಚಿನ ಮೇಲೆ ಹಳೇ ನೀರಿನ ತೊಟ್ಟಿ ಇತ್ತಂತೆ, ತೊಟ್ಟಿ ತೆಗೆದರೂ ಅದರ ಲೈನ್ ಮುಚ್ಚಿರಲಿಲ್ಲವಂತೆ. ಮೂರು ಸಲ ಹೇಳಿದ್ದರಂತೆ. ಮೇನ್ ವಾಲ್ವ್ ಮೆಟ್ಟಿಲ ಕೆಳಗಿದೆ ಅಂದರು. ಸೋಮವಾರ ಹೋಗಿ ನೋಡಿದೆ. ಇತ್ತು. ಗೋಡೆಯ ಜೊತೆ ಸೇರಿಸಿ ಕೆನೆ ಬಣ್ಣ ಹೊಡೆದಿದ್ದರು, ತಿರುಗಿಸಲು ಮೊದಲು ಕೆರೆಯಬೇಕಾಯಿತು.

ಕಡತದ ಧೂಳು:

ನ್ಯಾಕ್!